ಇಸ್ತ್ರಿಗೆ ಸಿಕ್ಕ ಸಾಲು

ಕಾದಂಬರಿ, ಬಾನುಲಿ ನಾಟಕ, ಮಕ್ಕಳ ಪದ್ಯ, ಪ್ರವಾಸ ಕಥನ, ಇಷ್ಟನ್ನೂ ಪರದೇಶದಲ್ಲಿದ್ದುಕೊಂಡು ಕನ್ನಡದಲ್ಲಿ ಬರೆದು, ಎಲ್ಲದರಲ್ಲೂ ಸೈ ಎನಿಸಿಕೊಂಡ ನಮ್ಮ ಅಕ್ಕನವರು, ಕೋಟು ಹೊಲಿಯುವ ಕಾರ್ಖಾನೆಯ ಕತ್ತರಿ ಮೇಜಿನಿಂದ ಮೂವತ್ತೊಂದು ವರ್ಷಗಳ ತರುವಾಯ ನಿವೃತ್ತರಾಗಿದ್ದಾರೆ. ಅವರನ್ನು ‘ಬಿಡುವಿನ ವೇಳೆಯ ಲೇಖಕಿ’ ಎನ್ನುವ ಪಂಡಿತರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಿಡುವು ಎಲ್ಲಿತ್ತು ಸ್ವಾಮಿ? ಏಳನೇ ತರಗತಿಗೇ ಶಾಲೆ ಬಿಟ್ಟ ನಾನು ಅದೇ ಕಾರ್ಖಾನೆಯ ಇಸ್ತ್ರಿಯವನು. ಎದುರು ಮೇಜಿನಿಂದ ಒಂಬತ್ತು ವರ್ಷ ಕಂಡದ್ದನ್ನು ಬರೆಯುತ್ತಿದ್ದೇನೆ.

ಅವರು ಬರೆಯುತ್ತಿದ್ದುದು ಬಟ್ಟೆಯ ಮೇಲೆ. ಕೋಟಿನ ಒಳಪದರದ ಕಪ್ಪು ಬಟ್ಟೆಗೆ ಅಳತೆ ಹಾಕುತ್ತ ಹಾಕುತ್ತ ಅವರ ಕಣ್ಣು ಎಲ್ಲೋ ತೇಲಿಹೋಗುತ್ತಿತ್ತು. ಕಿಟಕಿಯ ಬಿಸಿಲಲ್ಲಿ ನೂಲಿನ ಧೂಳು ಮೆಲ್ಲಗೆ ಆಡುತ್ತಿರಲು, ಸೀಮೆಸುಣ್ಣ ನಿದ್ದೆಯಲ್ಲಿ ನಡೆದಂತೆ ನಡೆದು ಅಕ್ಷರಗಳು ಮೂಡುತ್ತಿದ್ದವು. ಊಟದ ಗಂಟೆಯಲ್ಲಿ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡ ಮೇಲೆಯೇ ಬಟ್ಟೆ ನನ್ನ ಮೇಜಿಗೆ. ಹಬೆ ತಾಗಿದರೆ ಸುಣ್ಣ ಮಾಯ.

ನನ್ನ ಸಿಟ್ಟಿಗೆ ಅವರಿಟ್ಟ ಹೆಸರು ಕೆಂಡಪ್ಪ. ಮೇಸ್ತ್ರಿಯೊಡನೆ ಜಗಳವಾಗಿ ನನ್ನ ಕೆಲಸ ಹೋಗುವುದರಲ್ಲಿದ್ದಾಗ, “ಇವನು ಹೋದ್ರೆ ಇಸ್ತ್ರಿ ಕಾಯಿಸೋಕೆ ಬೇರೆ ಬೆಂಕಿ ಎಲ್ಲಿಂದ ತರ್ತೀರಿ?” ಎಂದು ಅವನನ್ನೇ ನಗಿಸಿ ನನ್ನನ್ನು ಉಳಿಸಿದವರು ಅವರು. ಬಿಟ್ಟುಹೋಗಿದ್ದ ಓದನ್ನು ತಮ್ಮ ಪುಸ್ತಕಗಳಿಂದಲೇ ಮತ್ತೆ ಹಿಡಿಸಿದವರೂ ಅವರೇ.

ಅಂಥವರಿಗೆ ನಾನೊಂದು ಮೋಸ ಮಾಡಿದ್ದೇನೆ.

ಅಪ್ಪನೊಡನೆ ಮುನಿದು ಮನೆ ಬಿಟ್ಟ ಮಗಳೊಬ್ಬಳು ಎಷ್ಟೋ ವರ್ಷದ ಮೇಲೆ ಹಿಂತಿರುಗುವ ಕಾದಂಬರಿಯೊಂದರ ಕೊನೆಯನ್ನು ಅವರು ಬರೆದ ದಿನ, ಬಟ್ಟೆ ನೋಟ್‌ಬುಕ್ಕಿಗೆ ಇಳಿಯುವ ಮೊದಲೇ ನನ್ನ ಮೇಜಿಗೆ ಬಂದುಬಿಟ್ಟಿತ್ತು. ಇಳಿಸಿಕೊಂಡಾಗಿದೆ ಎಂದೇ ತಿಳಿದು, ಎಂದಿನಂತೆ ಅಕ್ಷರ ಅಕ್ಷರ ಓದಿ, ಇಸ್ತ್ರಿ ಎಳೆದೆ.

“ಕೆಂಡಪ್ಪ, ಆ ಬಟ್ಟೆ ಎಲ್ಲೋ?”

“ಇಸ್ತ್ರಿ ಆಯ್ತಲ್ಲ ಅಕ್ಕಾ.”

ಬಿಸಿ ಬಟ್ಟೆಯ ಮೇಲೆ ಅವರ ಬೆರಳು ಸುಮ್ಮನೆ ತಡಕಾಡಿದವು. “ಬರೆದಾದ್ಮೇಲೆ ನನ್ನ ತಲೇಲಿ ಒಂದಕ್ಷರಾನೂ ನಿಲ್ಲಲ್ಲ ಕಣೋ. ನೀನು ಓದಿದ್ಯಾ?”

“ಓದ್ದೆ.”

ಹೇಳಿದೆ. ಮಗಳು ಮೆಟ್ಟಿಲು ಹತ್ತಿದ್ದು, ಕದ ತಟ್ಟಿದ್ದು, ಬಾಗಿಲು ತೆರೆದದ್ದು.

“ಅಷ್ಟೇನಾ?”

“ಅಷ್ಟೇ ಅಕ್ಕಾ.”

ಅಷ್ಟೇ ಆಗಿರಲಿಲ್ಲ, ಇನ್ನೊಂದು ಸಾಲಿತ್ತು. ಶಾಲೆ ಬಿಟ್ಟ ವರ್ಷವೇ ಅಪ್ಪನೊಡನೆ ಮಾತು ಬಿಟ್ಟಿದ್ದವನು ನಾನು. ಕಥೆಯ ಮಗಳು ಅಪ್ಪನಿಗೆ ಅಷ್ಟು ಸಲೀಸಾಗಿ ಸೋತದ್ದು ಸಹಿಸಲಾಗದೆ ಆ ಸಾಲನ್ನು ನುಂಗಿಬಿಟ್ಟೆ. ಪುಸ್ತಕ ಬಂತು. ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತ ದಿಟ್ಟ ಮುಕ್ತಾಯವೆಂದು ಪಂಡಿತರು ಕೊಂಡಾಡಿದರು. “ನಾನು ಅಷ್ಟು ಗಟ್ಟಿಗಿತ್ತೀನಾ? ನಂಗೇ ಗೊತ್ತಿರ್ಲಿಲ್ಲ ನೋಡು” ಎಂದು ಅಕ್ಕ ನಕ್ಕರು. ಆ ನಗು ನನ್ನನ್ನು ಆರು ವರ್ಷ ಸುಟ್ಟಿದೆ.

ಈಗ ಆ ಕಾದಂಬರಿ ಎರಡನೇ ಮುದ್ರಣಕ್ಕೆ ಹೊರಟಿದೆಯಂತೆ. ಅಕ್ಕಾ, ನೀವು ನೂರು ವರ್ಷ ಬಾಳಿ. ನಿಮ್ಮ ಕೈಯ ಸುಣ್ಣ ಸವೆಯದಿರಲಿ. ಇನ್ನೂ ನಾಲ್ಕು ಬಗೆಯ ಬರಹ ನಿಮ್ಮ ಬೆರಳಿಂದ ಇಳಿದು ಬರಲಿ. ನನ್ನನ್ನು ಎಷ್ಟು ಬೇಕಾದರೂ ಬೈಯಿರಿ, ಆದರೆ ಅಚ್ಚಿಗೆ ಹೋಗುವ ಮೊದಲು ನಿಮ್ಮ ಸಾಲನ್ನು ವಾಪಸು ತೆಗೆದುಕೊಳ್ಳಿ. ಅದರ ಒಂದಕ್ಷರವನ್ನೂ ನಾನು ಮರೆತಿಲ್ಲ:

‘ಅವಳು ಒಳಗೆ ಬಂದು, ಅಪ್ಪನ ಕೋಟಿನ ಪಕ್ಕದ ಮೊಳೆಗೆ ತನ್ನ ಕೋಟನ್ನು ನೇತುಹಾಕಿದಳು.’