ಕಣ್ಣು ತೆರೆಸುವ ಕೆಲಸ

ನಾನು ಏನು ಓದಿದ್ದೇನೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಮೈ ಉರಿಯುತ್ತದೆ. ಗಡಿಯಾಚೆ ತೆಲುಗು ರಾಜ್ಯಕ್ಕೆ ಸೇರಿದ ಮಡಕಶಿರಾದಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಆಮೇಲೆ ಇಂಟರ್ ಅಂದರೆ ನಿಮ್ಮ ಕಡೆಯ ಪಿಯುಸಿ, ಬಿಎಸ್ಸಿ ಎಲ್ಲ ಪುಸ್ತಕದಲ್ಲಿ ಇಂಗ್ಲಿಷು, ಮೇಷ್ಟ್ರ ಬಾಯಲ್ಲಿ ತೆಲುಗು. ನನಗೆ ತೆಲುಗು ಬರುವುದಿಲ್ಲ ಎಂದಲ್ಲ, ಚೆನ್ನಾಗಿ ಜಗಳ ಆಡುವಷ್ಟು ಬರುತ್ತದೆ. ಆದರೆ ಸಂತೆಯ ತೆಲುಗೇ ಬೇರೆ, ಭೌತಶಾಸ್ತ್ರದ ತೆಲುಗೇ ಬೇರೆ. ಎರಡನೆಯ ವರ್ಷ ನಾಲ್ಕು ವಿಷಯದಲ್ಲಿ ಫೇಲಾದೆ. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗಾಯಿತು. ಕಾಲೇಜು ಬಿಟ್ಟೆ.

ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್. ಓದಿದವರಿಗೆ ಬಾಗಿಲು ತೆರೆದು ತೆರೆದು ಸವೆದವರು.

"ಗ್ರಾಮ ಸಚಿವಾಲಯದ ಕೆಲಸಕ್ಕೂ ಡಿಗ್ರಿ ಕೇಳ್ತಾರೆ ಕಣಮ್ಮ. ಡಿಗ್ರಿ ಬಿಟ್ಟೋಳ್ನ ಯಾರ್ ಮೂಸಿ ನೋಡ್ತಾರೆ? ಏನ್ ಮಾಡ್ಬೇಕು ಅಂತಿದ್ದೀಯ?"

"ಪೇಪರ್‌ಗೆ ಫೋಟೋ ತೆಗೀತೀನಿ" ಎಂದೆ.

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಮೂರು ದಿನ ಮಾತು ಬಿಟ್ಟರು. ಆದರೆ ನಾನು ಆ ಮಾತನ್ನು ಹುಡುಗಾಟಕ್ಕೆ ಆಡಿರಲಿಲ್ಲ. ಪೇಪರಿನಲ್ಲಿ ನಮ್ಮ ಕಡೆಯವರ ಫೋಟೋ ಬರುವುದು ಎರಡೇ ಸಲ: ಬಸ್ಸಿನಡಿ ಸಿಕ್ಕಿ ಸತ್ತಾಗ, ಇಲ್ಲವೇ ಯಾರೋ ದೊಡ್ಡವರಿಗೆ ಹಾರ ಹಾಕಿದಾಗ. ರೊಳ್ಳದಲ್ಲಿ ಹಿಪ್ಪುನೇರಳೆ ಸೊಪ್ಪು ಹೊರುವ ಹೆಂಗಸು, ಅಮರಾಪುರದ ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುವ ಮೇಷ್ಟ್ರು, ಇವರೆಲ್ಲ ಬದುಕಿರುವುದಕ್ಕೆ ಸಾಕ್ಷಿಯೇ ಇಲ್ಲ. ಆ ಸಿಟ್ಟು ಕಾಲೇಜಿನಲ್ಲಿದ್ದಾಗಿನಿಂದಲೂ ನನ್ನೊಳಗೆ ಕುದಿಯುತ್ತಿತ್ತು.

ನಾಲ್ಕನೆಯ ದಿನ ಅಮ್ಮ ನನ್ನನ್ನು ಕಲ್ಯಾಣದುರ್ಗದ ಮೇಲೆ ಹೋಗುವ ಬಸ್ಸು ಹತ್ತಿಸಿದಳು. ರಾಯದುರ್ಗದಲ್ಲಿ ಅವಳ ಅಣ್ಣ, ನನ್ನ ಸೋದರಮಾವ, ಫೋಟೋ ಸ್ಟುಡಿಯೋ ಇಟ್ಟಿದ್ದ. ನನ್ನ ಕಾಲೇಜು ಅದೇ ಆಯಿತು.

ಮದುವೆ, ಪಾಸ್‌ಪೋರ್ಟ್ ಫೋಟೋ ಯಾರಾದರೂ ಕಲಿಯಬಹುದು. ಮಾವನಿಗೆ ಹೆಸರು ತಂದಿದ್ದು ಬೇರೆ ಕೆಲಸ. ಆ ಕಡೆಯ ಶಿವಭಕ್ತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆತುಂಬ ವಿಭೂತಿ, ಕೊರಳಿಗೆ ಹಾರ. ಮಣ್ಣಿಗೆ ಒಯ್ಯುವ ಮೊದಲು ಫೋಟೋ ಆಗಬೇಕು. ಎಷ್ಟೋ ಜನರಿಗೆ ಬದುಕಿನಲ್ಲಿ ಅದೇ ಒಳ್ಳೆಯ ಫೋಟೋ. ಆದರೆ ಕಣ್ಣು ಮುಚ್ಚಿದ ಮುಖವನ್ನು ಗೋಡೆಗೆ ಹಾಕಲು ಯಾರೂ ಒಪ್ಪುವುದಿಲ್ಲ. ಆದ್ದರಿಂದ ಕಂಪ್ಯೂಟರಿನಲ್ಲಿ ಕಣ್ಣು ತೆರೆಸಬೇಕು. ಹಳೆಯ ಫೋಟೋ ಇದ್ದರೆ ಅದರಿಂದ, ಇಲ್ಲದಿದ್ದರೆ ತಮ್ಮನದೋ ಮಗನದೋ ಕಣ್ಣು ತಂದು ಕೂರಿಸಬೇಕು.

"ಕಣ್ಣು ಎಲ್ಲೂ ಹೋಗಿರಂಗಿಲ್ಲವ್ವ, ಮನ್ಯಾಗ ಇರ್ತಾವ. ಮಗನ ಮಾರಿ ನೋಡು" ಎನ್ನುತ್ತಿದ್ದ ಮಾವ. "ಮುಚ್ಚಿದ ಕಣ್ಣು ಗಿರಾಕಿ ಕೈಗೆ ಕೊಟ್ಟಿ ಅಂದ್ರ ನಮ್ಮ ಅಂಗಡಿ ಮರ್ಯಾದಿ ಹೋತು ಅಂತ ತಿಳ್ಕೋ."

ಎರಡು ವರ್ಷ ಅದನ್ನೇ ಮಾಡಿದೆ. ರೆಪ್ಪೆಯ ನೆರಳು ಎಲ್ಲಿ ಬೀಳುತ್ತದೆ, ಮುದುಕರ ಕಣ್ಣಿನ ಬಿಳುಪು ಎಷ್ಟು ಹಳದಿ, ಎಲ್ಲ ಕಲಿತೆ. ಯಾವ ಬಿಎಸ್ಸಿಯೂ ನನಗೆ ಮನುಷ್ಯರ ಮುಖವನ್ನು ಅಷ್ಟು ಹತ್ತಿರದಿಂದ ತೋರಿಸಿರಲಿಲ್ಲ.

ಬಿಡುವಿದ್ದಾಗ ಮಾವನ ಹಳೆಯ ಕ್ಯಾಮೆರಾ ಹಿಡಿದು ಊರು ಸುತ್ತುತ್ತಿದ್ದೆ. ರಾಯದುರ್ಗದ ಓಣಿಗಳಲ್ಲಿ ಮನೆಮನೆಯಲ್ಲೂ ಜೀನ್ಸ್ ಪ್ಯಾಂಟು ಹೊಲಿಯುತ್ತಾರೆ. ಹೊಲಿದ ಮೇಲೆ ಅಲ್ಲಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸುವುದು ಹೆಂಗಸರ ಕೆಲಸ. ಹೊಸಿಲ ಮೇಲೆ ಕೂತು, ಕಾಲ ಮೇಲೆ ಪ್ಯಾಂಟು ಹಾಕಿಕೊಂಡು, ನೀಲಿ ಹತ್ತಿದ ಬೆರಳುಗಳಲ್ಲಿ ಚಿಕ್ಕ ಕತ್ತರಿ ಆಡಿಸುತ್ತಾರೆ. ನಮ್ಮ ಹಿಂದಿನ ಓಣಿಯ ಒಬ್ಬ ಅಜ್ಜಿಯಷ್ಟು ಬೇಗ ಆ ಕೆಲಸ ಮಾಡುವವರನ್ನು ನಾನು ನೋಡಿಲ್ಲ. ಒಂದು ತಿಂಗಳು ಆಕೆಯ ಮುಂದೆಯೇ ಕೂತೆ.

ಆಗಲೇ ಆ ಜಾಹೀರಾತು ಕಣ್ಣಿಗೆ ಬಿತ್ತು. ದೂರದ ದೊಡ್ಡ ಊರಿನಲ್ಲಿ ಪತ್ರಿಕಾ ಛಾಯಾಗ್ರಹಣದ ಒಂದು ವರ್ಷದ ತರಬೇತಿ. ಡಿಗ್ರಿ ಬೇಕಿಲ್ಲ. ಹತ್ತು ಫೋಟೋ ಕಳಿಸಬೇಕು, ಸಂದರ್ಶನಕ್ಕೆ ಬರುವಾಗ ಅವುಗಳ ಮೂಲ ಫೈಲ್ ತರಬೇಕು. ಡಿಗ್ರಿ ಕೇಳದ ಬಾಗಿಲು ನನ್ನ ಆಯುಸ್ಸಿನಲ್ಲಿ ಅದೊಂದೇ.

ಒಂಬತ್ತು ಫೋಟೋ ಸುಲಭವಾಗಿ ಸಿಕ್ಕವು. ಹತ್ತನೆಯದು ಅಜ್ಜಿಯದು. ಬೆಳಕು, ನೀಲಿ ಬೆರಳು, ಹಿಂದೆ ಪ್ಯಾಂಟುಗಳ ರಾಶಿ, ಎಲ್ಲ ಕೂಡಿಬಂದಿತ್ತು. ಕಣ್ಣು ಮಾತ್ರ ಮುಚ್ಚಿತ್ತು. ನನಗೆ ಯೋಚನೆಯೇ ಬರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತವಳು ಆಕೆಯದೇ ಇನ್ನೊಂದು ಫೋಟೋದಿಂದ ಕಣ್ಣು ತಂದು ಕೂರಿಸಿದೆ. ಆ ಕಣ್ಣಿನ ಗುಡ್ಡೆಯ ಮೇಲೆ ಹಾಲಿನಂಥ ಬಿಳುಪೊಂದು ಕಂಡಿತು. ಕಿಟಕಿಯ ಬೆಳಕು ಹೊಳೆದಿರಬೇಕು ಎಂದುಕೊಂಡು ಅದನ್ನೂ ಕಪ್ಪು ಮಾಡಿದೆ. ಮೂರು ತಾಸಿನ ಕೆಲಸ. ಮಾವ ನೋಡಿ, "ಭೇಷ್! ನಾನಽ ಮಾಡಿದ್ರೂ ಇಷ್ಟು ಚಲೋ ಬರ್ತಿದ್ದಿಲ್ಲ ನೋಡು" ಎಂದ.

ಸಂದರ್ಶನದಲ್ಲಿ ಮೂವರಿದ್ದರು. ನಡುವೆ ಕೂತಿದ್ದವರು ಹೆಸರಾಂತ ಪತ್ರಿಕಾ ಛಾಯಾಗ್ರಾಹಕರು. ಒಂಬತ್ತು ಫೋಟೋಗಳಿಗೆ ತಲೆದೂಗಿದರು. ಹತ್ತನೆಯದರ ಮೂಲ ಫೈಲ್ ತೆರೆದು, ಎರಡನ್ನೂ ಅಕ್ಕಪಕ್ಕ ಇಟ್ಟು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯವಾಗಿ ಕೇಳಿದರು:

"ಇದೇನಮ್ಮ?"

"ಕಣ್ಣು ಮುಚ್ಚಿತ್ತು ಸರ್. ತೆರೆಸಿದೆ."

ಪಕ್ಕದವರು ಕಿಸಕ್ಕನೆ ನಕ್ಕರು. ನಡುವಿನವರು ನಗಲಿಲ್ಲ. ಪತ್ರಿಕೆಯ ಫೋಟೋದಲ್ಲಿ ಒಂದು ಕೂದಲನ್ನೂ ಬದಲಿಸಬಾರದೆಂದು ಅರ್ಧ ಗಂಟೆ ಪಾಠ ಮಾಡಿದರು. "ಆ ಮುಚ್ಚಿದ ಕಣ್ಣೇ ನಿನ್ನ ಫೋಟೋ. ಅದನ್ನೇ ಹಾಳು ಮಾಡಿದ್ದೀಯ. ಈಕೆ ಯಾಕೆ ಕಣ್ಣು ಮುಚ್ಚಿ ಕೆಲಸ ಮಾಡುತ್ತಾಳೆ, ಕೇಳಿದೆಯಾ?" ಎಂದರು. ನಾನು ಕೇಳಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಎಲ್ಲರನ್ನೂ ಬೈದೆ. ನಕ್ಕವನನ್ನು, ಮಾವನನ್ನು, ಕನ್ನಡದ ಮಕ್ಕಳನ್ನು ತೆಲುಗಿನ ಬಾವಿಗೆ ತಳ್ಳಿ ಈಜು ಎಂದ ಕಾಲೇಜನ್ನು. ರಾಯದುರ್ಗದಲ್ಲಿ ಇಳಿದು, ಮೂಲ ಫೋಟೋದ ಪ್ರಿಂಟ್ ಹಾಕಿಸಿಕೊಂಡು ನೇರ ಅಜ್ಜಿಯ ಮನೆಗೆ ಹೋದೆ. ಮುಂದಿನ ವರ್ಷ ಇದನ್ನೇ ಕಳಿಸುತ್ತೇನೆ, ಅವರ ಮುಖದ ಮೇಲೆ ಎಸೆಯುತ್ತೇನೆ ಎಂಬ ಹಟ ಹುಟ್ಟಿತ್ತು.

ಅಜ್ಜಿ ಪ್ರಿಂಟನ್ನು ಕೈಯಲ್ಲಿ ಹಿಡಿದು ಬೆರಳಿನಿಂದ ಸವರಿದಳು. ಸೊಸೆ ಇಣುಕಿ ನೋಡಿದವಳೇ ಕಿತ್ತುಕೊಂಡಳು.

"ಇದನ್ನ ಯಾರಿಗರ ತೋರ್ಸೀರೇನ್ರಿ?"

"ಈ ಊರಲ್ಲಿ ಯಾರಿಗೂ ಇಲ್ಲಕ್ಕ. ಯಾಕೆ?"

"ಯಾಕ ಅಂತೀರಲ್ಲ! ಅತ್ತಿ ಕಣ್ಣಿಗೆ ಪೊರಿ ಬಂದೈತ್ರಿ. ಏನೂ ಕಾಣಂಗಿಲ್ಲ, ಬೆರಳಾಗ ದಾರ ಹುಡುಕ್ತಾಳ. ಇದು ಸಾಹುಕಾರಗ ಗೊತ್ತಾದ್ರ ನಾಳಿಂದ ನಮ್ಮನಿಗೆ ಪ್ಯಾಂಟು ಕಳಸ್ತಾನೇನ್ರಿ? ನಮ್ಮ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ!"

ಹೊಸಿಲ ಮೇಲೆ ಕೂತೆ. ಎರಡು ವರ್ಷ ಕಣ್ಣುಗಳನ್ನೇ ನೋಡಿದವಳು ನಾನು. ಆಕೆಯ ಮುಂದೆ ಒಂದು ತಿಂಗಳು ಕೂತಿದ್ದೆ. ಆ ಬಿಳುಪನ್ನು ಬೆಳಕೆಂದುಕೊಂಡು ಮೌಸ್‌ನಿಂದ ಒರೆಸಿ ಹಾಕಿದ್ದೆ. ಅವತ್ತಿನ ಸಿಟ್ಟು ಯಾರ ಮೇಲೂ ಹಾಕಲು ಬರುವಂಥದ್ದಾಗಿರಲಿಲ್ಲ, ಪೂರ್ತಿ ನನ್ನದೇ.

ಆಪರೇಷನ್ ಮಾಡಿಸೋಣ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅಜ್ಜಿಯೇ ತಲೆ ಅಲ್ಲಾಡಿಸಿದಳು. "ಪಟ್ಟಿ ಕಟ್ಕೊಂಡು ತಿಂಗಳಗಟ್ಲೆ ಕುಂತ್ರ ನನ್ನ ಪಾಲಿನ ಪ್ಯಾಂಟು ಪಕ್ಕದ ಮನಿಗೆ ಹೋಗ್ತಾವವ್ವ. ಹೋದ್ವು ಅಂದ್ರ ತಿರುಗಿ ಬರಂಗಿಲ್ಲ."

ಮರುವರ್ಷ ಮತ್ತೆ ಅರ್ಜಿ ಹಾಕಿದೆ. ಅದೇ ಮೂವರು. ನಡುವಿನವರು ನನ್ನನ್ನು ಗುರುತು ಹಿಡಿದರು. ಹತ್ತು ಹೊಸ ಫೋಟೋಗಳನ್ನು ಮಗುಚಿ ಹಾಕಿ, "ಆ ಅಜ್ಜಿಯದು ಎಲ್ಲಿ? ಮೂಲ ಫೋಟೋ ಕಳಿಸುತ್ತೀಯ ಅಂದುಕೊಂಡಿದ್ದೆ. ಅದೊಂದೇ ಸಾಕಿತ್ತು" ಎಂದರು.

"ಕೊಡಲ್ಲ ಸರ್."

"ಯಾಕೆ?"

"ಅದು ಹೊರಗೆ ಬಂದರೆ ಆಕೆಯ ಕೆಲಸ ಹೋಗುತ್ತೆ. ಹೋದ ವರ್ಷ ನನ್ನ ತಪ್ಪಿಗೆ ಅರ್ಧ ಗಂಟೆ ಬೈದಿರಿ, ಸರಿ. ಆಕೆ ಯಾಕೆ ಕಣ್ಣು ಮುಚ್ಚುತ್ತಾಳೆ ಅಂತಲೂ ಕೇಳಿದಿರಿ. ಈ ಫೋಟೋ ನಮಗೆ ಕಳಿಸಿದ್ದು ಆಕೆಗೆ ಗೊತ್ತಾ ಅಂತ ಒಬ್ಬರಾದರೂ ಕೇಳಿದಿರಾ?"

ದನಿ ಏರಿಹೋಗಿತ್ತು. ಈ ಸಲ ಯಾರೂ ನಗಲಿಲ್ಲ. ನಡುವಿನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೇಳಬೇಕಿತ್ತು" ಎಂದರು.

ಹತ್ತು ದಿನಕ್ಕೆ ಸೀಟು ಸಿಕ್ಕ ಪತ್ರ ಬಂತು. ಅಪ್ಪ ಅದನ್ನು ಕಚೇರಿಗೆ ಒಯ್ದು ಎಲ್ಲರಿಗೂ ತೋರಿಸಿದರಂತೆ. ಮಾವ ಪೇಡೆ ಹಂಚಿದ. ನಾನು ಅಜ್ಜಿಗೆ ಹೇಳಲು ಹೋದಾಗ ಆಕೆ ಹೊಸಿಲ ಮೇಲೆ ಕಣ್ಣು ಮುಚ್ಚಿ, ದಾರ ಹುಡುಕಿ ಹುಡುಕಿ ಕತ್ತರಿಸುತ್ತಿದ್ದಳು.