ಚೂರಿಯ ಹಿಡಿ, ಚಮಚದ ಹಿಡಿ

ನನ್ನ ಅಡುಗೆಮನೆಯ ಪ್ರತಿಯೊಂದು ಕತ್ತಿಗೂ ಬೆನ್ನು ಇದೆ. ಮೀನಿನ ಕತ್ತಿ, ಈರುಳ್ಳಿಯ ಕತ್ತಿ, ಮದುವೆಯ ಕೇಕಿನ ಜೊತೆ ಬಂದು ಈಗ ಬ್ರೆಡ್ಡಿಗೆ ಮೀಸಲಾಗಿರುವ ಉದ್ದದ ಕತ್ತಿ, ಎಲ್ಲದಕ್ಕೂ ಒಂದು ಬದಿ ಹರಿತ, ಇನ್ನೊಂದು ಬದಿ ತೋರುಬೆರಳು ಊರುವುದಕ್ಕೆ. ಮಾವನ ಚೂರಿಗೆ ಮಾತ್ರ ಬೆನ್ನೇ ಇಲ್ಲ. ಎರಡೂ ಬದಿ ಅಲಗು, ತುದಿಯಲ್ಲಿ ಸೂಜಿಯಂಥ ಮೊನೆ. ಮದುವೆಯಾಗಿ ವಾಮಂಜೂರಿನ ಈ ಮನೆಗೆ ಬಂದ ಹೊಸತರಲ್ಲಿ ಅದನ್ನು ಕೈಗೆತ್ತಿಕೊಂಡವಳಿಗೆ ಬೆರಳು ಎಲ್ಲಿಡುವುದೆಂದೇ ತಿಳಿಯಲಿಲ್ಲ.

“ಇದರಲ್ಲಿ ಎಂತ ಹೆಚ್ಚುವುದು ಮಾವ?” ಎಂದು ಕೇಳಿದ್ದೆ.

“ಎಂತವೂ ಇಲ್ಲ ಬಾಯೆ. ಇದಕ್ಕೆ ಒಂದೇ ಕೆಲಸ ಗೊತ್ತಿರುವುದು.” ಮಗಳೇ ಎಂಬಂತೆ ಅವರು ನನ್ನನ್ನು ಬಾಯೆ ಎಂದೇ ಕರೆಯುವುದು.

ಆ ಕೆಲಸ ಯಾವುದೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬಾರದ್ದನ್ನು ಕೇಳದೆ ಇರುವುದನ್ನು ಕಾನ್ವೆಂಟಿನ ಸಿಸ್ಟರುಗಳು ನಮಗೆ ಚೆನ್ನಾಗಿಯೇ ಕಲಿಸಿದ್ದರು.

ಸೇನೆ ಕೊಟ್ಟಿದ್ದ ಅಸಲು ಚೂರಿಯನ್ನು ಮಾವ ನಿವೃತ್ತಿಯ ದಿನ ಸಹಿ ಹಾಕಿ ಸ್ಟೋರಿಗೆ ಒಪ್ಪಿಸಿ ಬಂದಿದ್ದರು. ಮನೆಯಲ್ಲಿರುವುದು ಬೀಳ್ಕೊಡುಗೆಗೆ ಜೊತೆಗಾರರು ಕೊಟ್ಟದ್ದು. ಅದೇ ಅಳತೆ, ಅದೇ ತೂಕ, ಹರಿತ ಮಾತ್ರ ಮಾಡಿಲ್ಲ. ಮರದ ಹಲಗೆಯ ಮೇಲೆ ಎರಡು ಹಿತ್ತಾಳೆಯ ಕೊಕ್ಕೆಗಳಲ್ಲಿ ಕುಳಿತಿರುತ್ತದೆ. ಶನಿವಾರ ಮಧ್ಯಾಹ್ನ ಅದನ್ನು ಇಳಿಸಿ, ನನ್ನ ಹೊಲಿಗೆ ಯಂತ್ರದ ಎಣ್ಣೆಯನ್ನು ಕೇಳಿ ತೆಗೆದುಕೊಂಡು, ಹಳೆಯ ಬನಿಯನಿನ ತುಂಡಿನಿಂದ ಒರೆಸುತ್ತಿದ್ದರು. ನಾನು ಪಕ್ಕದಲ್ಲಿ ಗುಂಡಿ ಹೊಲಿಯುತ್ತಾ ಕೂತರೆ ಒಂದೊಂದಾಗಿ ಹೇಳುತ್ತಿದ್ದರು. ಅಲಗು ಕಪ್ಪಗಿರುವುದು ಬೆಳಕಿಗೆ ಮಿನುಗದಿರಲಿ ಎಂದು. ಅಡ್ಡಪಟ್ಟಿ ಇರುವುದು ಕೈ ಜಾರಿ ಅಲಗಿನ ಮೇಲೆ ಹೋಗದಿರಲಿ ಎಂದು. ಹಿಡಿಯ ನಡು ದಪ್ಪ, ಎರಡು ತುದಿ ಸಪೂರ, ಸುತ್ತಲೂ ಸಣ್ಣ ಸಣ್ಣ ಉಂಗುರದಂಥ ಗೆರೆಗಳು. ಬೆವರಿರಲಿ, ಮಳೆಯಿರಲಿ, ಅಂಗೈಗೆ ಅದು ಕಚ್ಚಿಕೊಳ್ಳಬೇಕು.

“ತೂಕ ಮುಂದೆ ಇರಬಾರದು. ಕೈಯೊಳಗೆ ಇರಬೇಕು,” ಎಂದು ತೋರುಬೆರಳಿನ ಮೇಲೆ ಅದನ್ನು ತಕ್ಕಡಿಯಂತೆ ನಿಲ್ಲಿಸಿ ತೋರಿಸುತ್ತಿದ್ದರು.

ಹೋದ ವರ್ಷ ಬೇಸಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಮಾತು ಬೇಗ ಮರಳಿತು, ಕಾಲು ಅರ್ಧ ಮರಳಿತು, ಬಲಗೈ ಮಾತ್ರ ಹಿಂದೆ ಉಳಿಯಿತು, ಚಮಚ ಕೊಟ್ಟರೆ ಬೆರಳುಗಳು ಬಿಟ್ಟುಬಿಡುತ್ತಿದ್ದವು. ಎಡಗೈಯಲ್ಲಿ ಉಣ್ಣಲು ಅವರು ಒಪ್ಪಲಿಲ್ಲ, ಊಟ ನಾನೇ ಮಾಡಿಸುತ್ತಿದ್ದೆ. ತುತ್ತು ಹತ್ತಿರ ಬರುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೋಣೆಯ ಬಾಗಿಲು ಹಾಕಿರಬೇಕು, ನನ್ನ ಮಗಳು ಆ ಹೊತ್ತಿಗೆ ಒಳಗೆ ಬರಬಾರದು. ಫಿಸಿಯೋಥೆರಪಿಯ ಹುಡುಗಿ ಸ್ಪಂಜು ಸುತ್ತಿದ ಚಮಚವೊಂದನ್ನು ತಂದುಕೊಟ್ಟಳು. ಅವರು ಅದನ್ನು ಎಡಗೈಯಿಂದ ಎತ್ತಿ ನೋಡಿ ಮೆಲ್ಲಗೆ ಕೆಳಗಿಟ್ಟರು. “ತೊಟ್ಟಿಲ ಮಗುವಿಗೆ ಕೊಡು ಇದನ್ನು.”

ಆಗಸ್ಟಿನಲ್ಲಿ ಒಂದು ದಿನ ನನ್ನ ಗಂಡನನ್ನು ಕರೆದು, “ಈ ಸಲ ತೆನೆ ಹಬ್ಬದಲ್ಲಿ ಹೊಸ ಅಕ್ಕಿ ನೀನೇ ಕೊಡು,” ಎಂದರು.

ಸೆಪ್ಟೆಂಬರಿನಲ್ಲಿ ಬರುವ ತೆನೆ ಹಬ್ಬದ ದಿನ ಚರ್ಚಿನಿಂದ ಆಶೀರ್ವದಿಸಿ ತಂದ ತೆನೆಯ ಅಕ್ಕಿಯನ್ನು ತೆಂಗಿನ ಹಾಲಿಗೆ ಬೆರೆಸಿ, ಮನೆಯ ಹಿರಿಯರು ಒಬ್ಬೊಬ್ಬರ ಬಾಯಿಗೂ ಒಂದೊಂದು ಚಮಚ ಕೊಡಬೇಕು. ಆಮೇಲೆಯೇ ಎಲೆ ಹಾಕುವುದು. ಮಾವ ಸೇನೆಯಲ್ಲಿದ್ದಷ್ಟು ವರ್ಷ ರಜೆಯನ್ನು ಈ ಹಬ್ಬಕ್ಕೆಂದೇ ಉಳಿಸಿಕೊಳ್ಳುತ್ತಿದ್ದರಂತೆ.

ಪಣಂಬೂರಿನ ಬಂದರಿನಲ್ಲಿ ಕೆಲಸ ಮಾಡುವ ನನ್ನ ಗಂಡ ಹೆಚ್ಚು ಮಾತಿನವರಲ್ಲ. ಹೊರಗೆ ಬಂದು ನನಗಷ್ಟೇ ಕೇಳುವಂತೆ, “ನಾನು ಹೇಗೆ ಕೊಡುವುದು? ಅಪ್ಪ ಅಲ್ಲೇ ಕೂತಿರ್ತಾರಲ್ಲ,” ಎಂದರು.

ಆ ವಾರ ಚೂರಿಯ ಮೇಲಿನ ಧೂಳು ಕಂಡು ನಾನೇ ಇಳಿಸಿದೆ. ಎಣ್ಣೆಯ ಬಾಟಲಿ ತರಲು ಹೋಗುವಾಗ ಅದನ್ನು ಮಾವನ ಮಡಿಲಲ್ಲಿಟ್ಟೆ. ತಿರುಗಿ ಬರುವಷ್ಟರಲ್ಲಿ ಅವರ ಬಲಗೈ ಅದರ ಹಿಡಿಯನ್ನು ಸುತ್ತಿಕೊಂಡಿತ್ತು. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು, ಗಮನಿಸಿಯೇ ಇರಲಿಲ್ಲ. ಚಮಚವನ್ನು ಬಿಟ್ಟುಬಿಡುತ್ತಿದ್ದ ಬೆರಳುಗಳು ಆ ಗೆರೆಗಳ ಮೇಲೆ ಒಂದರ ಪಕ್ಕ ಒಂದು ಕೂತಿದ್ದವು.

ಅವರು ಮಲಗಿದ ಮೇಲೆ ಹೊಲಿಗೆಯ ಟೇಪಿನಲ್ಲಿ ಹಿಡಿಯ ಅಳತೆ ತೆಗೆದು, ಬ್ರೌನ್ ಪೇಪರಿನ ಮೇಲಿಟ್ಟು ಪೆನ್ಸಿಲಿನಿಂದ ಸುತ್ತಲೂ ಗೆರೆ ಎಳೆದುಕೊಂಡೆ. ಮರುದಿನ ಪಡೀಲಿನಲ್ಲಿ ಮಂಚದ ಕಾಲು ಕಡೆಯುವ ಲೇತಿನವರ ಹತ್ತಿರ ಹೋದೆ.

“ಎಂತ ಬಾಯಮ್ಮ ಇದು? ಲಟ್ಟಣಿಗೆಯಾ?”

“ಅಲ್ಲ, ಚಮಚದ ಹಿಡಿ.”

“ಇಷ್ಟು ದಪ್ಪ ಹಿಡಿಯಾ? ಉಣ್ಣುವುದು ಯಾರು, ಆನೆಯಾ?”

“ನನ್ನ ಮಾವ. ಮಿಲಿಟರಿಯಲ್ಲಿ ಇದ್ದವರು.”

“ಹಾಗೆ ಹೇಳಿ ಮತ್ತೆ,” ಎಂದು ಹಲಸಿನ ಮರದ ತುಂಡೊಂದನ್ನು ಆರಿಸಿ ತೆಗೆದರು.

ಸ್ಟೀಲಿನ ಚಮಚದ ಬಾಲವನ್ನು ಹಿಡಿಯೊಳಗೆ ತೂರಿಸಿ ಅಂಟು ಹಾಕಿ ಕೊಟ್ಟರು. ಉಂಗುರದ ಗೆರೆಗಳೂ ಇದ್ದವು. ಸಂಜೆ ಗಂಜಿಯ ಬಟ್ಟಲಿನ ಪಕ್ಕ ಅದನ್ನಿಟ್ಟು ನಾನು ಎದುರಿಗೆ ಕೂತೆ. ಮಾವ ನನ್ನನ್ನೊಮ್ಮೆ, ಹಿಡಿಯನ್ನೊಮ್ಮೆ ನೋಡಿದರು. ಹಿಡಿದರು. ಗಂಜಿ ತುಂಬಿತು, ಚಮಚ ಮೇಲೆದ್ದಿತು, ಗಲ್ಲದ ಹತ್ತಿರ ಬಂದದ್ದೇ ಅಂಗೈಯೊಳಗೆ ತಿರುಗಿ ಗಂಜಿಯಷ್ಟೂ ಲುಂಗಿಯ ಮೇಲೆ ಬಿತ್ತು.

ನಾನು ಬಟ್ಟೆ ತರಲು ಎದ್ದೆ. “ಕೂತುಕೋ,” ಎಂದರು. ಗಂಜಿ ಮೈಮೇಲಿರುವಂತೆಯೇ ಹಿಡಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಇದನ್ನು ದುಂಡಗೆ ಮಾಡಲಿಕ್ಕೆ ಹೇಳಿದ್ದು ಯಾರು?”

“ಚೂರಿಯದ್ದೂ ದುಂಡಗೇ ಉಂಟಲ್ಲ ಮಾವ.”

“ಚೂರಿಯಲ್ಲಿ ಗಂಜಿ ಕುಡೀತಾರಾ, ಮಾರಾಯ್ತಿ?”

ಅವರ ಬಾಯಿಯ ಒಂದು ಬದಿ ನಕ್ಕಿತು. ಲಕ್ವ ಹೊಡೆದ ಮೇಲೆ ನಾನು ಕಂಡ ಮೊದಲ ನಗು ಅದು.

“ನಮಗೂ ಇದೇ ತಕರಾರು ಇತ್ತು,” ಎಂದು ಶುರು ಮಾಡಿದರು. “ದುಂಡು ಹಿಡಿ ಚಂದ ಕೂತುಕೊಳ್ತದೆ. ಆದರೆ ಅಲಗು ಯಾವ ಕಡೆಗೆ ತಿರುಗಿದೆ ಅಂತ ಕತ್ತಲಲ್ಲಿ ಕೈಗೆ ಗೊತ್ತಾಗುವುದಿಲ್ಲ. ನನ್ನ ಜೊತೆಗಿದ್ದವನೊಬ್ಬ ಒಂದು ಬದಿಗೆ ಬೆಂಕಿಕಡ್ಡಿ ಇಟ್ಟು ಮೇಲೆ ಟೇಪು ಸುತ್ತಿದ್ದ. ಹೆಬ್ಬೆರಳಿಗೆ ಕಡ್ಡಿ ಸಿಕ್ಕಿದರೆ ಸರಿಯಾಗಿ ಹಿಡಿದ ಹಾಗೆ. ಸರಕಾರದ ಸಾಮಾನಿಗೆ ಟೇಪು ಸುತ್ತಿದ್ದಕ್ಕೆ ಸ್ಟೋರಿನವನಿಂದ ಬೈಗುಳ ತಿಂದ, ಪಾಪ. ಮಾರನೇ ವಾರ ನಾವೆಲ್ಲ ಸುತ್ತಿದೆವು.” ಸ್ವಲ್ಪ ದಣಿವಾರಿಸಿಕೊಂಡು, “ಪೆನ್ಸಿಲ್ ಕೊಡು,” ಎಂದರು.

ಎಡಗೈಯಲ್ಲಿ ಬ್ರೌನ್ ಪೇಪರಿನ ಮೇಲೆ ಸೊಟ್ಟಗೆ ಒಂದು ಮೊಟ್ಟೆ ಬರೆದರು. ಅಡ್ಡ ಕೊಯ್ದರೆ ಹಿಡಿ ಹಾಗಿರಬೇಕು. ಅಂಗೈಯ ಕಡೆ ಚಪ್ಪಟೆ, ಹೆಬ್ಬೆರಳಿಗೆ ಒಂದು ಸಣ್ಣ ತಗ್ಗು. ಹಿಂದಿನ ತುದಿಯಲ್ಲಿ ತೂಕ.

ಲೇತಿನವರು ತಲೆ ಕೆರೆದುಕೊಂಡರು. “ಬಾಯಮ್ಮ, ಲೇತಿಗೆ ಮೊಟ್ಟೆ ಮಾಡಲಿಕ್ಕೆ ಬರುವುದಿಲ್ಲ. ಅದಕ್ಕೆ ದುಂಡು ಬಿಟ್ಟು ಬೇರೆ ಗೊತ್ತೇ ಇಲ್ಲ.” ಆದರೂ ಅರ ಹಿಡಿದು ಎರಡು ದಿನ ಕೈಯಲ್ಲೇ ಉಜ್ಜಿದರು. ತುದಿಯಲ್ಲಿ ತೂತು ಕೊರೆದು, ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ತುಂಬಿಸಿ, ಮರದ ಬಿರಡೆ ಬಡಿದು ಮುಚ್ಚಿದರು. ಕೊಡುವಾಗ ತಮ್ಮ ಬೆರಳಿನ ಮೇಲೆ ಅದನ್ನು ನಿಲ್ಲಿಸಿ ನೋಡಿ, “ನಿಮ್ಮ ಮಾವನಿಗೆ ತಲೆ ಉಂಟು,” ಎಂದರು. ನಾನು ಆ ಮಾತನ್ನು ಹಾಗೆಯೇ ಮನೆಗೆ ತಂದು ಒಪ್ಪಿಸಿದೆ.

ಮೊದಲು ಖಾಲಿ ಚಮಚ, ಆಮೇಲೆ ಹೆಸರುಕಾಳು, ಆಮೇಲೆ ನೀರು. ದಿನಕ್ಕೆ ಎರಡು ಹೊತ್ತು, ಬಾಗಿಲು ಹಾಕಿಕೊಂಡು. ಒಂದೊಂದು ದಿನ ಐದು ಚಮಚದಲ್ಲಿ ಮೂರು ಬಾಯಿಗೆ ಸೇರುತ್ತಿದ್ದವು, ಒಂದೊಂದು ದಿನ ಒಂದೂ ಇಲ್ಲ. ಅಂಥ ದಿನ ಅವರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ನಾನು ನೆಲದ ಮೇಲಿನ ಹೆಸರುಕಾಳು ಸದ್ದಾಗದಂತೆ ಹೆಕ್ಕುತ್ತಿದ್ದೆ. ಹಬ್ಬದ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತನ್ನ ಬಾಯಿಗೆ ತಾನು ಕೊಡುವುದು ಒಂದು, ಮೇಜಿನಾಚೆ ಕೂತವರ ಬಾಯಿಗೆ ಚಾಚುವುದು ಬೇರೆಯೇ ಒಂದು, ಅದು ಇಬ್ಬರಿಗೂ ಗೊತ್ತಿತ್ತು.

ಹಬ್ಬದ ದಿನ ಮಗಳು ಚರ್ಚಿನಿಂದ ತೆನೆ ತಂದಳು. ಮಾವ ತಾವಾಗಿಯೇ ಹಜಾರಕ್ಕೆ ನಡೆದು ಬಂದು ಮೇಜಿನ ತಲೆಯಲ್ಲಿ ಕೂತರು. ನಾನು ತೆಂಗಿನ ಹಾಲಿನ ಬಟ್ಟಲನ್ನು ತಂದಿಟ್ಟೆ. ಅದರ ಒಂದು ಪಕ್ಕ ಮಾಮೂಲಿ ಚಮಚ, ಇನ್ನೊಂದು ಪಕ್ಕ ಹಲಸಿನ ಹಿಡಿಯದ್ದು. ಪ್ರಾರ್ಥನೆ ಮುಗಿಯಿತು. ಗಂಡ ಮಾಮೂಲಿ ಚಮಚಕ್ಕೆ ಕೈ ಚಾಚಿದರು.

“ನಿಲ್ಲು,” ಎಂದರು ಮಾವ.

ಮೊದಲ ಚಮಚ ನನ್ನ ಗಂಡನಿಗೆ. ಅರ್ಧ ಬಾಯಿಗೆ ಹೋಯಿತು, ಅರ್ಧ ಇಸ್ತ್ರಿ ಮಾಡಿದ ಅಂಗಿಯ ಕಾಲರಿನ ಮೇಲೆ. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಎರಡನೆಯದು ಮಗಳಿಗೆ. ಅವಳು ನಗು ತಡೆದುಕೊಳ್ಳಲಾಗದೆ, “ಅಜ್ಜ, ಮೂಗಿಗೆ ಕೊಟ್ಟಿರಿ,” ಎಂದಳು. “ಮೂಗಿಗೂ ಹಬ್ಬ ಬೇಡವಾ?” ಎಂದರು ಅಜ್ಜ, ಮತ್ತು ಇನ್ನೊಂದು ಕೊಟ್ಟರು.

ಮೂರನೆಯದು ನನ್ನದು. ಅಷ್ಟರಲ್ಲಿ ಅವರ ತೋಳು ದಣಿದಿತ್ತು. ಚಮಚ ಬಟ್ಟಲಿನಿಂದ ಎದ್ದು ಗಾಳಿಯಲ್ಲಿ ತುಯ್ಯುತ್ತಾ ನಿಂತಿತು. ಹಾಲು ಅಂಚಿನವರೆಗೆ ಬಂದು ಹಿಂದೆ ಸರಿಯಿತು. ನಾನು ಅವರ ಕಷ್ಟ ಕಡಿಮೆಯಾಗಲೆಂದು ಮುಂದಕ್ಕೆ ಬಾಗಿದೆ.

“ಬಗ್ಗಬೇಡ ಬಾಯೆ,” ಎಂದರು. “ನಾನೇ ಬರ್ತೇನೆ ಅಲ್ಲಿಗೆ.”

ನಾನು ನೆಟ್ಟಗೆ ಕೂತು ಬಾಯಿ ತೆರೆದುಕೊಂಡು ಕಾದೆ.