ಬಿಳಿ ವೈನಿಗೆ ಪುಂಡಿಪಲ್ಯ

ಗೆಳತಿಯರೇ, ಇವತ್ತು ವಾಡಿ ಊರಿನ ನಮ್ಮ ಅಡುಗೆಮನೆಯಲ್ಲಿ, ವೈನ್ ಕಂಪನಿಯೊಂದು ಕಳಿಸಿದ ಬಿಳಿ ವೈನ್ ಬಾಟಲಿ ತೆರೆದೆವು. ಅದಕ್ಕೆ ಹೊಂದುವ ನಮ್ಮ ಕಡೆಯ ಒಂದು ಊಟವನ್ನು ಸಂಜೆಯೊಳಗೆ ಬರೆದು ಕಳಿಸಿದರೆ, ಮನೆಯಿಂದಲೇ ಮಾಡುವ ನೌಕರಿ ನನಗೆ. ಸಾವಿನ್ಯಾನ್ ಬ್ಲಾಂಕ್ ಎಂಬ ದ್ರಾಕ್ಷಿಯ ವೈನ್. ನಾನು ಮಗುವಿಗೆ ಹಾಲೂಡಿಸುವವಳು. ಕುಡಿದರೆ ಹಾಲಿಗೆ ಇಳಿದೀತೇನೋ ಎಂಬ ಭಯ. ಹಾಗಾಗಿ ನಾನು ಬರೀ ಮೂಸುವುದು, ಕುಡಿಯುವ ಕೆಲಸ ಗಂಡನದು. ಅವರೋ, ವೈನಿನ ಜೊತೆ ನೆಂಚಲು ಶೇಂಗಾ ಹಿಂಡಿ ಕೊಟ್ಟರೂ "ಚಲೋ ಅದ", ಬದನೆಕಾಯಿ ಕೊಟ್ಟರೂ "ಚಲೋ ಅದ". ನಿದ್ದೆಗೆಟ್ಟ ನನಗೆ ಅಳುವೇ ಬಂತು.

ಅಷ್ಟರಲ್ಲಿ ಅತ್ತೆ ಬಂದರು. "ಕೂಸಿನ ತಾಯಿ ಆಗಿ ಶೆರೆ ಮೂಸ್ಲಿಕತ್ತೀಯಲ್ಲ!"

"ನೌಕರಿ ಪರೀಕ್ಷಾರಿ ಅತ್ತಿ."

"ಮೂಸಿದ್ರ ಪಗಾರ ಕೊಡ್ತಾರ?" ಎನ್ನುತ್ತಲೇ ಮೂಗಿನ ಮೇಲಿನ ಸೆರಗು ಸರಿಸಿ ತಾವೂ ಮೂಸಿದರು. "ಥೂ, ಹಸಿ ಪುಂಡಿಸೊಪ್ಪು ಮುರಿದಂಗ ಅದ."

ಥಟ್ಟನೆ ಹೊಳೆಯಿತು: ವೈನಿನ ಹುಳಿಗೆ ಪುಂಡಿಸೊಪ್ಪಿನ ಹುಳಿಯೇ ಜೋಡಿ. ರೊಟ್ಟಿಗೆ ನಿನ್ನೆಯ ಪುಂಡಿಪಲ್ಯ ಹಚ್ಚಿ ಗಂಡನಿಗೆ ಕೊಟ್ಟೆ. ಅವರು ಒಂದು ಗುಟುಕು ವೈನ್ ಕುಡಿದು ಇನ್ನೊಂದು ರೊಟ್ಟಿಗೆ ಕೈಚಾಚಿದರು. ಅದನ್ನೇ ಬರೆದು ಕಳಿಸಿದೆ. ಸಂಜೆಗೇ ಕಂಪನಿಯ ಉತ್ತರ ಬಂತು: ಸೋಮವಾರದಿಂದ ಕೆಲಸ!

ಅತ್ತೆ ಈಗ ಪಕ್ಕದ ಮನೆಯವರಿಗೆ ಹೇಳುತ್ತಿದ್ದಾರೆ: "ನಮ್ಮ ಸೊಸಿಗಿ ದ್ರಾಕ್ಷಿ ಕಂಪನಿಯಾಗ ನೌಕರಿ ಆಗ್ಯದ." ಮಧ್ಯಾಹ್ನದ ಶೆರೆ ಸಂಜೆಗೆ ಮತ್ತೆ ಹಣ್ಣಾಗಿದೆ.